ಒಣಗಿದ ಮೇಲೆ ಫೋಟೋ ಹಾಕಿ

"ಮ್ಯಾಗ್ನೆಟ್ ಮಾಮ ಮಾಮನೇ ಅಲ್ಲ ಕಣೇ! ಹೆಂಗಸು! ಅದೂ ಹಲ್ಲಿನ ಡಾಕ್ಟ್ರು!"

ಗೆಳತಿ ಗುಬ್ಬಿಯ ಮಾತು ಫೋನಿನಲ್ಲಿ ಅರ್ಧ ಬಾಯಿಂದ ಬರುತ್ತಿತ್ತು. ಇನ್ನರ್ಧ ಬಾಯಿ ಇಂಜೆಕ್ಷನ್‌ಗೆ ಮರಗಟ್ಟಿತ್ತು. ಬುದ್ಧಿಹಲ್ಲು ಕೀಳಿಸಲು ಹೋಗಿದ್ದಳು ಮಹಾರಾಯ್ತಿ.

"ಹಲ್ಲಿನ ಜೊತೆ ಬುದ್ಧೀನೂ ಕಿತ್ತುಬಿಟ್ರಾ? ನೆಟ್ಟಗೆ ಹೇಳೇ."

"ನೆಟ್ಟಗೇ ಹೇಳ್ತಿದೀನಿ, ತುಟಿ ಸೊಟ್ಟ ಆಗಿದೆ ಅಷ್ಟೆ. ಕುರ್ಚೀಲಿ ಬಾಯಿ ಬಿಟ್ಕೊಂಡು ಮಲ್ಗಿದೀನಿ, ಎದುರುಗಡೆ ಗೋಡೆ ಮೇಲೆ ಫೋಟೋ. ಕೆಂಪು ಗಾಡಿ. ಮುಂದಿನ ಎರಡು ದೀಪದಲ್ಲಿ ಒಂದಕ್ಕೆ ಮಾತ್ರ ತಗಡಿನ ಹುಬ್ಬು! ಬಾಯಿ ತುಂಬ ಹತ್ತಿ ತುರ್ಕಿದ್ರೂ ಬಿಡ್ಲಿಲ್ಲ, ಕೇಳೇಬಿಟ್ಟೆ. 'ಹೌದಮ್ಮ, ನಾನೇ. ಈಗ ಅಲ್ಲಾಡ್ಬೇಡ' ಅಂದ್ರು."

ಗಾಡಿ ಒರೆಸುತ್ತಿದ್ದ ಬಟ್ಟೆ ನನ್ನ ಕೈಯಿಂದ ಬಕೆಟ್ಟಿಗೆ ಬಿತ್ತು. ಒಂದೇ ಹುಬ್ಬಿನ ಕೆಂಪು ಗಾಡಿ ಪ್ರಪಂಚದಲ್ಲಿ ಎರಡಿರಲು ಸಾಧ್ಯವೇ ಇಲ್ಲ.

ಈ ಮಾಮ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಫೋನಿನಲ್ಲಿ ನಮ್ಮದೊಂದು ಗುಂಪಿದೆ, 'ಹಳೇ ಗಾಡಿ ಹುಚ್ಚರು' ಅಂತ. ಹಳೆಯ ಕಾರುಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರೆಲ್ಲ ಅಲ್ಲಿದ್ದಾರೆ. ಅಲ್ಲಿ ಫೋಟೋ ಹಾಕುವುದಕ್ಕೊಂದು ಪದ್ಧತಿಯಿದೆ. ಗಾಡಿ ತೊಳೆದು, ಮೈಮೇಲೆ ನೀರಿರುವಾಗಲೇ, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಓರೆಯಿಂದ ತೆಗೆಯಬೇಕು. ಒದ್ದೆಯಾದರೆ ಎಂಥ ಪೇಂಟೂ ಮಿರಮಿರ ಅನ್ನುತ್ತದೆ. ಫೋಟೋ ಬಿದ್ದ ಮರುಕ್ಷಣ ಶುರು. ಬೆಂಕಿ! ಸೂಪರ್! ರಾಣಿ ಬಂದ್ಳು, ದಾರಿ ಬಿಡಿ! ಬಂಪರ್ ನೇತಾಡುತ್ತಿದ್ದರೂ ಬೆಂಕಿ. ಒಬ್ಬರು ಕೈತಪ್ಪಿ ಮನೆಯ ಕಸದ ಬುಟ್ಟಿಯ ಫೋಟೋ ಹಾಕಿಬಿಟ್ಟಿದ್ದರು. ಅದಕ್ಕೂ ಬೆಂಕಿ.

ಆ ಗುಂಪಿನಲ್ಲಿ ಬೆಂಕಿ ಹಚ್ಚದವರು ಅಂದರೆ 'ಮ್ಯಾಗ್ನೆಟ್' ಒಬ್ಬರೇ. ಮುಖದ ಜಾಗದಲ್ಲಿ ಆ ಕೆಂಪು ಗಾಡಿ. ಯಾರು ಏನು ಹಾಕಿದರೂ 'ಮ್ಯಾಗ್ನೆಟ್ ಇಟ್ಟು ನೋಡಿದ್ರಾ?' ಅನ್ನುವುದು. ತಗಡಿಗಾದರೆ ಅದು ಅಂಟುತ್ತದೆ, ತೂತು ಮುಚ್ಚಲು ಮೆತ್ತಿದ ಪುಟ್ಟಿಗೆ ಅಂಟುವುದಿಲ್ಲ, ಬಂಡವಾಳ ಬಯಲು. ಇಷ್ಟು ಸಿಡುಕಬೇಕಾದರೆ ರಿಟೈರಾದ ಮೀಸೆ ಮಾಮನೇ ಇರಬೇಕು ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು.

ರಜೆಯೆಲ್ಲ ಮೈಕೈಗೆ ಗ್ರೀಸ್ ಬಳಿದುಕೊಂಡು ನಾನು ರಿಪೇರಿ ಮಾಡಿದ ನಮ್ಮ ಬಟಾಣಿ ಹಸಿರು ಗಾಡಿಯ ಫೋಟೋ ಹಾಕಿದಾಗ ಬೆಂಕಿಯ ಮಳೆ ಸುರಿಯಿತು. ಅದರ ನಡುವೆ ಮ್ಯಾಗ್ನೆಟ್ ಬರೆದಿದ್ದು ಇಷ್ಟು: 'ಒಣಗಿದ ಮೇಲೆ ಫೋಟೋ ಹಾಕಿ. ಬಾಗಿಲಿನ ಸಂದು ಮೇಲಿಂದ ಕೆಳಗಿನ ತನಕ ಒಂದೇ ಸಮ ಇದೆ, ಕಷ್ಟದ ಕೆಲಸ, ಮೆಚ್ಚಿದೆ. ಎಡಬಾಗಿಲಿನ ಬುಡದಲ್ಲಿ ಪೇಂಟು ಗುಳ್ಳೆ ಎದ್ದಿದೆ. ಆ ಕಡೆ ಮ್ಯಾಟ್ ಎತ್ತಿ ನೆಲ ತೋರಿಸಿ.'

ಅಯ್ಯೋ, ಆ ಸಂದು! ಬಾಗಿಲನ್ನು ಎಷ್ಟು ಸಲ ಬಿಚ್ಚಿ, ಎಷ್ಟು ಸಲ ತೂಗುಹಾಕಿ ಅದನ್ನು ಹೊಂದಿಸಿದ್ದೆ ಅಂತ ನನ್ನ ಬೆರಳುಗಳಿಗೇ ಗೊತ್ತು. ಬೆಂಕಿ ಅಂದವರಲ್ಲಿ ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಖುಷಿಗೆ ಕುಣಿದುಬಿಟ್ಟೆ. 'ಥ್ಯಾಂಕ್ಸ್ ಮಾಮ, ಮ್ಯಾಟ್ ಕೆಳಗೆ' ಅಂತ ಟೈಪ್ ಮಾಡುವಷ್ಟರಲ್ಲಿ ಗುಂಪಿನವರು ಮುಗಿಬಿದ್ದಿದ್ದರು. ಹುಡುಗಿಯ ಉತ್ಸಾಹಕ್ಕೆ ತಣ್ಣೀರು ಎರಚುತ್ತೀರಾ, ನಿಮಗೇನು ಹೊಟ್ಟೆಕಿಚ್ಚಾ ಅಂತ. ಅಡ್ಮಿನ್ ಅಂಕಲ್ 'ಇಲ್ಲಿ ಪ್ರೀತಿಗೆ ಮಾತ್ರ ಜಾಗ' ಅಂತ ಬರೆದು, ಅಷ್ಟೇ ಪ್ರೀತಿಯಿಂದ ಮ್ಯಾಗ್ನೆಟ್ಟನ್ನು ಹೊರಗೆ ಹಾಕಿದರು. ನನ್ನ ಅರ್ಧ ವಾಕ್ಯ ಕಳಿಸಲು ಆಚೆ ಕಡೆ ಯಾರೂ ಇರಲಿಲ್ಲ. ಅವತ್ತಿನಿಂದ ಏನು ಫೋಟೋ ಹಾಕಿದರೂ ಮೊದಲು ಹುಡುಕುವುದು ಆ ಒಂದೇ ಹುಬ್ಬನ್ನು.

ಹುಚ್ಚು ಅನ್ನಬೇಡಿ. ನಮ್ಮ ಮನೆಯಲ್ಲಿ ತಪ್ಪು ಹೇಳುವವರು ಯಾರೂ ಉಳಿದಿಲ್ಲ, ಅದಕ್ಕೆ.

ಅಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಈ ಹಸಿರು ಗಾಡಿಯೇ ಅವರ ಮೊದಲ ಪಾಠಶಾಲೆ. ಎಡಗಡೆ ಮೇಷ್ಟ್ರ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆ. ಕಲಿಯುವವರು ತಪ್ಪು ಮಾಡಿದರೆ ಅಪ್ಪ ಬೈಯುತ್ತಿರಲಿಲ್ಲ. ಗಾಡಿ ನಿಲ್ಲಿಸಿ, ಆ ಪೆಡಲ್ಲನ್ನು ಕಾಲಿನಿಂದ ಟಕ್ ಟಕ್ ಅನ್ನಿಸಿ, ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ತಪ್ಪೇನು ಅಂತ ನಾವೇ ಹುಡುಕಿ ಹೇಳಬೇಕು. ಹೇಳುವ ತನಕ ಟಕ್ ಟಕ್. ಒಬ್ಬ ಬ್ಯಾಂಕ್ ಮ್ಯಾನೇಜರಿಗೆ ಏನೂ ಹೊಳೆಯದೆ, ಬೆವತು, ಕೊನೆಗೆ ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿದ್ದನ್ನೂ ಒಪ್ಪಿಕೊಂಡನಂತೆ. ಪಾಪ, ಹ್ಯಾಂಡ್‌ಬ್ರೇಕ್ ಇಳಿಸಿರಲಿಲ್ಲ ಅಷ್ಟೆ. ಸರಿಯಾದ ತಪ್ಪು ಹೇಳಿದ ಮೇಲೆ ಅಪ್ಪನ ಬಾಯಿಂದ ಬರುತ್ತಿದ್ದುದು ಒಂದೇ ಮಾತು, "ಇನ್ನೊಂದ್ಸಲ."

ಹೋದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಮುಷ್ಕರ ಹೂಡಿದವು. ಮಾತೆಲ್ಲ ಹೋಗಿ, ಯಾಕೋ ಏನೋ, ಒಂದೇ ಪದ ಉಳಿಯಿತು: ಚೆನ್ನಾಗಿದೆ. ಸಾರಿಗೆ ಉಪ್ಪಿಲ್ಲ, ಚೆನ್ನಾಗಿದೆ. ಕರೆಂಟ್ ಹೋಯಿತು, ಚೆನ್ನಾಗಿದೆ. ನಾನು ಲೆಕ್ಕದಲ್ಲಿ ಡುಮ್ಕಿ, ಚೆನ್ನಾಗಿದೆ. ಮಾತು ಕಲಿಸಲು ಬರುವ ಮೇಡಂ, ಅವರು ಹೇಳಬೇಕೆಂದಿರುವುದು ಬೇರೆ, ಬಾಯಿಗೆ ಬರುವುದು ಅದೊಂದೇ ಅನ್ನುತ್ತಾರೆ. ಅರ್ಥವಾಗುತ್ತದೆ. ಆದರೂ ಫೋನಿನಲ್ಲಿ ಉಳಿದಿರುವ ಅಪ್ಪನ ಹಳೆಯ ವಾಯ್ಸ್ ಮೆಸೇಜನ್ನು ಬಸ್ಸಿನಲ್ಲಿ ಕಿವಿಗೆ ಒತ್ತಿಕೊಂಡು ಕೇಳುತ್ತಿರುತ್ತೇನೆ: "ಲೇ ಪುಟ್ಟಿ, ರಿವರ್ಸ್ ತಗೊಳ್ವಾಗ ಕನ್ನಡಿ ನೋಡಿದ್ಯಾ, ಇಲ್ಲ ಕನ್ನಡೀಲಿ ನಿನ್ನ ಮುಖ ನೋಡ್ಕೊಂಡ್ಯಾ?" ಪಕ್ಕದಲ್ಲಿ ಕೂತವರು, ಬೈಸಿಕೊಂಡು ಹೀಗೆ ನಗುವವಳು ಯಾರಪ್ಪ ಅಂತ ನೋಡುತ್ತಾರೆ.

ಗಾಡಿ ಎಬ್ಬಿಸಿದ್ದೂ ಅದಕ್ಕೇ. ಗುಬ್ಬಿ ಫೋನ್ ಮಾಡಿದ ಮರುದಿನ, ಭಾನುವಾರ, ಗುಂಪಿನವರೆಲ್ಲ ಸಾಲಾಗಿ ಕೆರೆಯ ತನಕ ಹೋಗಿ ಬರುವ ಸವಾರಿ. ಅಪ್ಪನನ್ನು ಅವರ ಸೀಟಿನಲ್ಲಿ ಕೂರಿಸಿ ನಾನು ಓಡಿಸಬೇಕು. ರಸ್ತೆಗಿಳಿದರೆ ಒಳಗಿನ ಮೇಷ್ಟ್ರು ಎದ್ದುಬಂದಾರು ಅಂತ ಆಸೆ.

"ಲೇ, ಇದೀಯಾ?" ಗುಬ್ಬಿ ಕೂಗಿದಳು. "ಕ್ಲಿನಿಕ್ ನಂಬರ್ ಕಳ್ಸಿದೀನಿ. ಫೋನ್ ಮಾಡು."

"ಮಾಡಿ ಏನಂತ ಕೇಳ್ಲಿ? ನಮಸ್ಕಾರ, ನಂಗೆ ಸ್ವಲ್ಪ ಬೈತೀರಾ ಅಂತಾನಾ?"

"ಹೂಂ. ನನ್ನ ಹತ್ರ ಬೈಸ್ಕೊಂಡು ಅಭ್ಯಾಸ ಇದ್ಯಲ್ಲ."

ಫೋನ್ ಇಟ್ಟೆ. ನಂಬರ್ ನೋಡಿದೆ, ಒತ್ತಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ಅಡ್ಮಿನ್ ಅಂಕಲ್ ನನ್ನ ಒದ್ದೆ ಫೋಟೋವನ್ನೇ ಮತ್ತೆ ಹಾಕಿ 'ನಾಳೆ ಮೆರವಣಿಗೆಯ ಮುಂದೆ ಈ ರಾಣಿ' ಅಂತ ಬರೆದಿದ್ದರು. ಬೆಂಕಿ, ಬೆಂಕಿ, ಬೆಂಕಿ.

ಈಗ ಡ್ರೈವಿಂಗ್ ಸ್ಕೂಲ್ ನಡೆಸುವುದು ಅಮ್ಮ. ಸಂಜೆ ಕ್ಲಾಸಿಗೆ ಹೊರಟವರು ಗೇಟಿನಲ್ಲಿ ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು.

"ತಗಡಿನ ವಿಷ್ಯ ನಂಗೊತ್ತಿಲ್ಲ ಕಣೇ. ಆದ್ರೆ ಅವ್ರನ್ನ ಕರ್ಕೊಂಡು ಹೋಗೋದು ನೀನು. ಗಟ್ಟಿ ಇದೆ ತಾನೇ?"

"ಅಮ್ಮಾ, ಎಷ್ಟು ಜನ ಹೇಳಿದಾರೆ ಗೊತ್ತಾ!"

"ಜನ ಬಿಡು. ನೀನು ಹೇಳು."

"ಗಟ್ಟಿ ಇದೆ," ಅಂದೆ. ಅಮ್ಮ ಹೋದರು. ಆಗ ಎಡಗಡೆಯ ನೆಲ ನೆನಪಾಯಿತು. ಅಲ್ಲಿ ತುಕ್ಕು ತಿಂದು ತೂತುಗಳಾಗಿದ್ದವು. ಹೊಸ ತಗಡು ವೆಲ್ಡ್ ಮಾಡಿಸಬೇಕಾ ಅಂತ ಗುಂಪಿನಲ್ಲಿ ಕೇಳಿದ್ದಕ್ಕೆ ಅಡ್ಮಿನ್ ಅಂಕಲ್ ತಮ್ಮದೇ ವಿಡಿಯೋ ಕಳಿಸಿದ್ದರು. ಫೈಬರ್ ಬಟ್ಟೆ ಅಂಟಿಸು, ಪುಟ್ಟಿ ಮೆತ್ತು, ಕಪ್ಪು ಬಣ್ಣ ಬಳಿ, ಮ್ಯಾಟ್ ಹಾಸು, ಯಾರು ಎತ್ತಿ ನೋಡ್ತಾರೆ? ಹಾಗೇ ಮಾಡಿದ್ದೆ. ಕಣ್ಣಿಗಂತೂ ಹೊಸದೇ.

ಸರಿ, ಇವತ್ತೇ ಒಂದು ಸಲ ಅಪ್ಪನನ್ನು ಕೂರಿಸಿ ನೋಡೋಣ ಅಂದುಕೊಂಡೆ. ಅವರ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲು ಇಳಿಸಿ, ಹಿಂದಕ್ಕೆ ತಿರುಗಿಸಿ ಕೂರಿಸಿ, ಬಲಗಾಲನ್ನು ಎತ್ತಿ ಒಳಗಿಟ್ಟೆ. ಎಡಗಾಲು ತಾನೇ ಒಳಗೆ ಬಂತು. ಅಪ್ಪ ಡ್ಯಾಶ್‌ಬೋರ್ಡನ್ನು ಎಡಗೈಯಿಂದ ಸವರಿದರು. ಕಣ್ಣು ತುಂಬಿತ್ತು.

"ಚೆನ್ನಾಗಿದೆ," ಅಂದರು.

ನಾನು ಸ್ಟಿಯರಿಂಗ್ ಹಿಂದೆ ಕೂತೆ. ಇಂಜಿನ್ ಹಾಕಲಿಲ್ಲ. ಸುಮ್ಮನೆ ಕೂತು, ಮೊದಲ ಪಾಠದ ದಿನದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಹೊರಡ್ಲಾ ಮೇಷ್ಟ್ರೇ?"

ಅಪ್ಪನ ಎಡಗಾಲು ನಿಧಾನವಾಗಿ ಸರಿದು ಪೆಡಲ್ ಹುಡುಕಿತು. ಒತ್ತಿತು. ನಿಂತಿತು. ಆಮೇಲೆ, ಟಕ್ ಟಕ್.

ಅವರ ಕಡೆ ತಿರುಗಿದೆ. "ಏನಪ್ಪಾ?"

ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಟಕ್ ಟಕ್.

"ಬೆಲ್ಟು! ಬೆಲ್ಟ್ ಹಾಕ್ಲಿಲ್ಲ." ಹಾಕಿಕೊಂಡೆ. ಟಕ್ ಟಕ್.

"ಕನ್ನಡಿನಾ?" ಸರಿಮಾಡಿದೆ. ಟಕ್ ಟಕ್.

"ಸೀಟು ಹಿಂದೆ ಮಾಡ್ಲಾ? ಹಾರ್ನ್ ಕೆಲ್ಸ ಮಾಡಲ್ಲ, ಅದಾ? ಅಪ್ಪಾ, ಲೆಕ್ಕದಲ್ಲಿ ಡುಮ್ಕಿ ಹೊಡ್ದಿದ್ದು ನಿಮ್ಗೆ ಆಗ್ಲೇ ಹೇಳಿದೀನಿ."

ನಗಲಿಲ್ಲ. ಟಕ್ ಟಕ್. ಈ ಸಲ ಪೆಡಲ್ಲಿನ ಸದ್ದಿನ ಕೆಳಗೆ ಇನ್ನೊಂದು ಸದ್ದು ಕೇಳಿತು, ಒಣಗಿದ ಹಪ್ಪಳ ಮುರಿದ ಹಾಗೆ. ಇಳಿದು ಆ ಕಡೆಗೆ ಓಡಿದೆ. ಅಪ್ಪನ ಹಿಮ್ಮಡಿ ಊರಿದ ಜಾಗದಲ್ಲಿ ಮ್ಯಾಟ್ ಕುಳಿಬಿದ್ದಿತ್ತು. ಕಾಲನ್ನು ಎತ್ತಿ ಪಕ್ಕಕ್ಕಿಟ್ಟು ಮ್ಯಾಟ್ ಎಳೆದೆ. ನನ್ನ ಪುಟ್ಟಿ ಬಿರಿದು, ಕಪ್ಪು ಬಣ್ಣ ಸಿಪ್ಪೆ ಎದ್ದು, ಅಂಗೈಯಗಲದ ತೂತಿನಲ್ಲಿ ನಮ್ಮ ಅಂಗಳದ ನೆಲ ಕಾಣುತ್ತಿತ್ತು. ಒಂದು ಇರುವೆ ಸಾಲೂ ಕಂಡಿತು. ಅಪ್ಪ ತುರ್ತಿಗೆ ಬ್ರೇಕ್ ಒತ್ತಿದ್ದರೆ ಹಿಮ್ಮಡಿ ಊರಲು ಅಲ್ಲಿ ನೆಲವೇ ಇರುತ್ತಿರಲಿಲ್ಲ, ಓಡುತ್ತಿರುವ ರಸ್ತೆ ಇರುತ್ತಿತ್ತು.

"ನೆಲ," ಅಂದೆ. "ನೆಲ ಗಟ್ಟಿ ಇಲ್ಲ ಅಪ್ಪಾ. ತಗಡು ಹಾಕ್ಬೇಕಿತ್ತು, ಮೆತ್ತಿಬಿಟ್ಟೆ."

ಕಾಲು ನಿಂತಿತು. ಅಪ್ಪ ನನ್ನನ್ನು ನೋಡಿದರು. ಚೆನ್ನಾಗಿದೆ ಅಂತಾರೆ ಅಂತ ಕಾದೆ. ಅನ್ನಲಿಲ್ಲ. ತುಟಿ ಬಿಗಿಹಿಡಿದು, ಬರುತ್ತಿದ್ದ ಆ ಪದವನ್ನು ನುಂಗಿಕೊಂಡರು. ಒಂದು ವರ್ಷದಿಂದ ನಾನು ಕಾಯುತ್ತಿದ್ದುದು ಆ ಮೌನಕ್ಕೆ ಅಂತ ಆಗ ಗೊತ್ತಾಯಿತು. ಅವರ ಮಂಡಿಯ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತೆ. ಎಡಗೈ ನನ್ನ ಕೂದಲಲ್ಲಿ ಆಡುತ್ತಿತ್ತು, ಅದಕ್ಕೆ ಗ್ರೀಸ್ ಅಂಟಿತು.

ಮೂಗು ಒರೆಸಿಕೊಂಡು ತೂತಿನ ಫೋಟೋ ತೆಗೆದೆ. ಒಣಗಿದ್ದು, ನೇರವಾದದ್ದು. 'ನಾಳೆ ನಾವು ಬರುವುದಿಲ್ಲ, ನೆಲ ಹೀಗಿದೆ' ಅಂತ ಗುಂಪಿಗೆ ಹಾಕಿದೆ. ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮೊದಲ ಉತ್ತರ ಬಂತು.

ಬೆಂಕಿ.

ಅಳುತ್ತಿದ್ದವಳಿಗೆ ನಗು ಉಕ್ಕಿತು. ಅಪ್ಪನಿಗೂ ತೋರಿಸಿದೆ, ಬಾಯಿಯ ಒಂದು ಕಡೆಯಿಂದ ಅವರೂ ನಕ್ಕರು. ಆ ನಗುವಿನ ಧೈರ್ಯದಲ್ಲೇ ಕ್ಲಿನಿಕ್ಕಿನ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದೆ.

"ಹಲ್ಲುನೋವಾ?" ಅಂತ ಒಂದು ಹೆಂಗಸಿನ ದನಿ ಕೇಳಿತು.

"ಅಲ್ಲ ಡಾಕ್ಟ್ರೇ. ನಾನು... ಹಸಿರು ಗಾಡಿ. ಬಾಗಿಲಿನ ಸಂದು. ನೀವು ಮ್ಯಾಟ್ ಎತ್ತಿ ತೋರ್ಸು ಅಂದಿದ್ರಿ."

"ಎತ್ತಿದ್ಯಾ?"

"ಹೂಂ. ಅಂಗೈಯಗಲ ತೂತು. ಪುಟ್ಟಿ ಮೆತ್ತಿದ್ದೆ."

"ಹುಳುಕು ಹಲ್ಲಿಗೆ ಮೇಲಿಂದ ಸಿಮೆಂಟ್ ಮೆತ್ತಿ ಕಳ್ಸಿದ್ರೆ ನನ್ನ ಸುಮ್ನೆ ಬಿಡ್ತಾರೇನಮ್ಮ? ಗಟ್ಟಿ ಸಿಗೋ ತನಕ ಕೆರೀಬೇಕು, ಆಮೇಲೆ ತುಂಬಬೇಕು. ಅದ್ರಲ್ಲಿ ಯಾರಾದ್ರೂ ಕೂತಿದ್ರಾ?"

"ಈಗ್ಲೂ ಕೂತಿದಾರೆ. ನಮ್ಮಪ್ಪ. ಅವ್ರೇ ಕಂಡುಹಿಡಿದಿದ್ದು."

"ಮೊದ್ಲು ಇಳ್ಸು ಅವ್ರನ್ನ! ಆಮೇಲೆ ನನ್ನ ನಮಸ್ಕಾರ ಹೇಳು."

"ಡಾಕ್ಟ್ರೇ, ಅವತ್ತು ನಿಮ್ಮನ್ನ ತೆಗ್ದುಹಾಕಿದಾಗ ನಾನು ಉತ್ತರ ಟೈಪ್ ಮಾಡ್ತಿದ್ದೆ. ಮತ್ತೆ ಬರ್ತೀರೇನೋ ಅಂತ ದಿನಾ ನೋಡ್ತಿದ್ದೆ."

"ನಾನೂ ಕಾಯ್ತಿದ್ದೆ ಕಣಮ್ಮ," ದನಿ ಸ್ವಲ್ಪ ಮೆತ್ತಗಾಯಿತು. "ಗುಂಪಿನೊಳಗೆ ಬರಕ್ಕಾಗಲ್ಲ. ಆದ್ರೂ ಆ ಹುಡ್ಗಿ ನೆಲ ಸರಿಮಾಡಿದ್ಲಾ ಅಂತ ತಲೇಲಿ ಕೊರೀತಿತ್ತು. ಯಾರ ಬಾಯಿ ನೋಡಿದ್ರೂ ನಿನ್ನ ಗಾಡಿ. ನಾಳೆ ಕ್ಲಿನಿಕ್ ರಜಾ. ವೆಲ್ಡಿಂಗ್ ಸೆಟ್ ತರ್ತೀನಿ. ಸೀಟು ಬಿಚ್ಚಿಡು, ಮೆತ್ತಿದ್ದೆಲ್ಲ ಕೆರೆದಿಡು, ಅಡ್ರೆಸ್ ಕಳ್ಸು. ಹತ್ತು ಗಂಟೆಗೆ ಅಲ್ಲಿರ್ತೀನಿ."

"ಏನೇನು ರೆಡಿ ಮಾಡ್ಲಿ ಡಾಕ್ಟ್ರೇ? ತಿಂಡಿ? ಟೀ?"

"ಅಪ್ಪಂಗೆ ಒಂದು ಕುರ್ಚಿ ಹಾಕು, ನಮ್ಮಿಬ್ರನ್ನೂ ನೋಡ್ಕೊಳ್ಳೋ ಹಾಗೆ. ಮತ್ತೆ ಕೇಳಿಲ್ಲಿ."

"ಹೇಳಿ."

"ಗಾಡಿ ತೊಳೀಬೇಡ."

ಅಪ್ಪನ ಕಡೆ ನೋಡಿದೆ. ಅವರ ಎಡಗಾಲು, ತೂತನ್ನು ಬಿಟ್ಟು, ಬಾಗಿಲ ಹೊಸ್ತಿಲಿನ ಗಟ್ಟಿ ತಗಡಿನ ಮೇಲೆ ಎರಡು ಸಲ ಬಡಿಯಿತು.

"ಆಯ್ತು ಡಾಕ್ಟ್ರೇ," ಅಂದೆ. "ನಾಳೆ ಹತ್ತಕ್ಕೆ."