ಹನ್ನೆರಡು ದಿನಚರಿ, ಒಂದು ಪತ್ರ

ಏಳು ವರ್ಷ! ಜೊತೆಯವರು ನಾಲ್ಕೇ ವರ್ಷಕ್ಕೆ ಮುಗಿಸಿ, ಮದುವೆಯಾಗಿ, ಮಗುವಿಗೆ ಬಾಳೆಹಣ್ಣು ಹಿಸುಕಿ ತಿನ್ನಿಸುತ್ತಿದ್ದರೆ ಜೊಹ್ರಿಯಾ ಮಾತ್ರ ಅದೇ ಇಂಗ್ಲಿಷ್ ಪದವಿಯನ್ನು ಇನ್ನೂ ಎಳೆದಾಡುತ್ತಿದ್ದಳು. ಏಳು ವರ್ಷದ ಮೇಲೆ ಒಂದು ದಿನವೂ ಮತರಾಮ್ ಪಟ್ಟಣದ ಅವಳ ಕಾಲೇಜು ಯಾರನ್ನೂ ಇಟ್ಟುಕೊಳ್ಳುವುದಿಲ್ಲ. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಕೊನೆಯ ಪರೀಕ್ಷೆಗೆ ಹೆಸರು ಕೊಡಬೇಕು. ಕೊಡುವುದಕ್ಕೆ ಒಂದು ಪತ್ರ ಬೇಕು: ‘ಈಕೆ ನಮ್ಮಲ್ಲಿ ಸಂಶೋಧನೆ ಮುಗಿಸಿದ್ದಾಳೆ’ ಅಂತ, ಅವಳು ಸಂಶೋಧನೆಗೆ ಬಂದಿದ್ದ ಶಾಲೆಯವರ ಸಹಿ, ಮೊಹರು.

ಆ ಪತ್ರ ಈಗ ಅವಳ ಕಣ್ಣೆದುರಿಗೇ ಮೇಜಿನ ಮೇಲಿತ್ತು. ಮೊಹರು ಬಿದ್ದಾಗಿತ್ತು, ಸಹಿ ಬಿದ್ದಿರಲಿಲ್ಲ.

ಆ ವಸತಿ ಶಾಲೆಯ ಭಾಷಾ ವಿಭಾಗದ ಹಿರಿಯ ಶಿಕ್ಷಕಿ, ಎಲ್ಲರ ಬಾಯಲ್ಲೂ ‘ಉಸ್ತಾಜಾ’, ಅಂದರೆ ಗುರುಗಳು, ಆಗಿದ್ದ ಮಹ್ನಿಯಾ ಕರಿದ ಬಾಳೆಹಣ್ಣಿನ ತಟ್ಟೆಯನ್ನು ಅವಳತ್ತ ತಳ್ಳಿದರು. “ತಿನ್ನೇ, ಸಂಕೋಚ ಯಾಕೆ? ತಿಂದು ಆ ದಿನಚರಿಗಳನ್ನ ಇಲ್ಲಿಡು. ಯಾವ ನಂಬರು ಯಾವ ಹುಡುಗಿದು ಅಂತ ಬರ್ಕೊಂಡಿದ್ದೀಯಲ್ಲ, ಆ ಚೀಟೀನೂ.”

“ಉಸ್ತಾಜಾ, ಅದು ಗುಟ್ಟಾಗಿಡ್ತೀನಿ ಅಂತ ಕಾಲೇಜಿಗೆ ಬರ್ಕೊಟ್ಟಿದ್ದೀನಿ.”

“ಹೌದಾ? ಹಾಗಾದ್ರೆ ಸಹಿನೂ ಕಾಲೇಜಿನವ್ರೇ ಹಾಕ್ಕೊಳ್ಳಲಿ.”

ಆಯಮ್ಮ ಕೂಗಾಡುವವರಲ್ಲ, ನಗುನಗುತ್ತಲೇ ಕುತ್ತಿಗೆ ಹಿಸುಕುವವರು.

ಆ ಶಾಲೆಯಲ್ಲಿ ಒಂದು ವಾರ ಇಂಗ್ಲಿಷ್, ಒಂದು ವಾರ ಅರಬ್ಬಿ. ಮನೆಮಾತು ಸಾಸಾಕ್ ಬಾಯಿಂದ ಜಾರಿತೋ, ಜಾರಿದವಳು ಮಾರನೆಯ ದಿನ ‘ಜಾಸೂಸ್’. ಅಂದರೆ ಬೇಹಿನವಳು. ಸಂಜೆಯ ಪ್ರಾರ್ಥನೆಯೊಳಗೆ ಹಾಗೇ ಜಾರಿದ ಇನ್ನಿಬ್ಬರನ್ನು ಹಿಡಿದು ಹೆಸರು ಬರೆದುಕೊಡಬೇಕು. ಕೊಡದಿದ್ದರೆ ಕೆಂಪು-ಹಸಿರು ಪಟ್ಟೆಯ ತಲೆವಸ್ತ್ರ ಹೊದ್ದು ಅಂಗಳದ ನಡುವೆ ನಿಲ್ಲಬೇಕು. ವರ್ಷಕ್ಕೆ ಮೂರು ಸಲ ನಿಂತರೆ ಹಾಸಿಗೆ ಸುತ್ತಿಕೊಂಡು ಮನೆಗೆ. ಇಂಗ್ಲಿಷ್ ಕಲಿಸುವ ಚೆಂದ ನೋಡಿ! ಗೆಳತಿಯ ಬಾಯಿಗೆ ಕಿವಿಯಿಟ್ಟು ಕೂತವರಿಗೆ ತಮ್ಮ ಬಾಯಿ ಬಿಡಲು ಪುರುಸೊತ್ತೆಲ್ಲಿ?

ಜೊಹ್ರಿಯಾಳ ಸಂಶೋಧನೆಯೂ ಇದರ ಮೇಲೆಯೇ. ಹುಡುಗಿಯರು ಇಂಗ್ಲಿಷ್ ಬಿಟ್ಟು ಮನೆಮಾತಿಗೆ ಯಾವಾಗ ಹೊರಳುತ್ತಾರೆ, ಯಾಕೆ? ಹನ್ನೆರಡು ಜನರನ್ನು ಆರಿಸಿ, ಒಬ್ಬೊಬ್ಬರಿಗೆ ಹೆಸರಿನ ಬದಲು ನಂಬರು ಹಾಕಿದ ಒಂದೊಂದು ದಿನಚರಿ ಪುಸ್ತಕ ಕೊಟ್ಟು, “ಎರಡು ವಾರ ನಿಜ ಬರೀರಿ ಕಣ್ರೇ. ದೇವರಾಣೆ, ನಾನು ಬಿಟ್ರೆ ಬೇರೆ ಯಾರ ಕೈಗೂ ಹೋಗಲ್ಲ,” ಅಂದಿದ್ದಳು. ಹುಡುಗಿಯರು ಬರೆದು, ಲಕೋಟೆಗೆ ಅಂಟು ಹಚ್ಚಿ, ಇವತ್ತು ಬೆಳಿಗ್ಗೆಯಷ್ಟೇ ತಂದುಕೊಟ್ಟಿದ್ದರು. ಅವಳಿನ್ನೂ ಒಂದನ್ನೂ ಒಡೆದಿರಲಿಲ್ಲ.

“ಅವರನ್ನೇನು ಮಾಡ್ತೀರಿ, ಉಸ್ತಾಜಾ?”

“ನಾನೇನು ಮಾಡ್ತೀನಿ? ನಿಯಮ ಮಾಡುತ್ತೆ.”

ಕಿಟಕಿಯಾಚೆ ಜಗಲಿಯ ಚಾಪೆಯ ಮೇಲೆ ಹನ್ನೆರಡೂ ಮಂದಿ ಅವಳನ್ನು ಬೀಳ್ಕೊಡಲು ಸಾಲಾಗಿ ಕೂತಿದ್ದರು. ಕೊನೆಯಲ್ಲಿ ಸಕ್ಮಾ. ಆ ಹುಡುಗಿ ಈ ವರ್ಷ ಆಗಲೇ ಎರಡು ಸಲ ಅಂಗಳದಲ್ಲಿ ನಿಂತಿದ್ದಳು. ಇನ್ನೊಂದು ಸಲ ಅಂದರೆ ಓದು ಮುಗಿಯಿತು.

ಕೊಡಬಾರದು ಅಂತ ಜೊಹ್ರಿಯಾಗೆ ಗೊತ್ತಿತ್ತು. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗುವುದೆಲ್ಲಿಗೆ? ‘ನನ್ನ ಮಗಳು ಟೀಚರಮ್ಮ’ ಅಂತ ಅಮ್ಮ ಊರಿಗೆಲ್ಲ ಡಂಗುರ ಹೊಡೆದಾಗಿತ್ತು. ಅತ್ತ ದರಿ, ಇತ್ತ ಪುಲಿ. ಅವಳಿಗೆ ಕಣ್ಣೀರೇ ಬಂತು.

“ಬೇಗ ಕಣೇ, ಬಸ್ಸು ಬರುತ್ತೆ,” ಅಂದರು ಮಹ್ನಿಯಾ.

ಅವಳ ಕೈ ಚೀಲದೊಳಗೆ ಹೋಯಿತು. ಬೇರೆ ಯಾರದೋ ಕೈ ಅನ್ನುವ ಹಾಗಿರಲಿಲ್ಲ. ಅವಳದೇ ಕೈ, ಅವಳೇ ತೆಗೆದಳು, ಅವಳೇ ಮೇಜಿನ ಮೇಲಿಟ್ಟಳು. ಚೀಟಿಯನ್ನೂ ಇಟ್ಟಳು. ಛೀ, ನನ್ನ ಜನ್ಮಕ್ಕಿಷ್ಟು ಅಂದುಕೊಂಡಳು.

ಮಹ್ನಿಯಾ ಮೊದಲನೆಯ ಲಕೋಟೆ ಹರಿದು, ದಿನಚರಿ ತೆಗೆದು ಗಟ್ಟಿಯಾಗಿ ಓದಿದರು. “‘ಒಂಬತ್ತನೇ ತಾರೀಖು, ನೀರಿನ ತೊಟ್ಟಿಯ ಹಿಂದೆ ಜೊಹ್ರಿಯಾ ಅಕ್ಕ ಫೋನಿನಲ್ಲಿ ಸಾಸಾಕ್ ಮಾತಾಡಿದರು.’ ಏನೇ ಇದು?”

ಎರಡನೆಯದು ಹರಿದರು. “‘ಅಮ್ಮಾ, ನನ್ನ ಕೈಲಾಗಲ್ಲ, ಮನೆಗೆ ಬಂದುಬಿಡ್ತೀನಿ ಎಂದು ಅಕ್ಕ ಹೇಳಿದರು.’”

ಮೂರನೆಯದು. “‘ಅಳುವಾಗ ಅಕ್ಕ ಇಂಗ್ಲಿಷ್ ಬಳಸಲಿಲ್ಲ.’”

ಹನ್ನೆರಡರಲ್ಲೂ ಅಷ್ಟೇ. ಎರಡು ವಾರದ ಪುಟಗಳಲ್ಲಿ ಒಬ್ಬಳೂ ತನ್ನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ, ಒಬ್ಬಳೂ ಇನ್ನೊಬ್ಬಳ ಹೆಸರೆತ್ತಿರಲಿಲ್ಲ. ಜೊಹ್ರಿಯಾ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮಾತಿನಲ್ಲಿ ಅತ್ತಳು ಅನ್ನುವುದು ಮಾತ್ರ ದುಂಡು ಅಕ್ಷರದಲ್ಲಿತ್ತು.

ಮಹ್ನಿಯಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಭಲೇ ಘಾಟಿಗಳು! ನಿನ್ನನ್ನೇ ಹಿಡಿದುಕೊಟ್ಟಿದ್ದಾವಲ್ಲೇ!” ನಗುತ್ತಲೇ ಪತ್ರಕ್ಕೆ ಸಹಿ ಹಾಕಿ, ದಿನಚರಿಗಳನ್ನೂ ಚೀಟಿಯನ್ನೂ ಹಿಂದಕ್ಕೆ ತಳ್ಳಿದರು. “ತಗೊಂಡು ಹೋಗು. ನನಗೆ ಇದರಿಂದ ಏನೂ ಆಗಬೇಕಾದ್ದಿಲ್ಲ.”

ಬೀಳ್ಕೊಡುವ ಹುಡುಗಿಯರಲ್ಲಿ ಒಬ್ಬಳು ಗೇಟಿನವರೆಗೆ ಚೀಲ ಹೊರುವುದು ಅಲ್ಲಿನ ರೂಢಿ. ಸಕ್ಮಾ ಹೊತ್ತಳು. ಗೇಟಿನ ಹತ್ತಿರ ಬಂದಾಗ ಜೊಹ್ರಿಯಾಗೆ ತಡೆಯಲಾಗಲಿಲ್ಲ. ಸಾಸಾಕಿನಲ್ಲೇ ಕೇಳಿದಳು: “ನಾನು ಆಣೆ ಮಾಡಿದ್ನಲ್ಲೇ, ಸಕ್ಮಾ. ನೀವು ಯಾರೂ ನಂಬಲೇ ಇಲ್ವಾ?”

ಸಕ್ಮಾ ಆಚೆ ಈಚೆ ನೋಡಿ, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಒಂದು ತಪ್ಪೂ ಇರಲಿಲ್ಲ.

“ಹೆಸರು ಬರೆದ್ರೂ ಅಂಗಳದಲ್ಲಿ ನಿಲ್ಲಬೇಕಾಗಿಲ್ಲದವರು ನೀವೊಬ್ರೇ ಅಲ್ವಾ, ಅಕ್ಕ? ಅದಕ್ಕೇ ಎಲ್ಲರೂ ಮಾತಾಡ್ಕೊಂಡು ಹಾಗೆ ಬರೆದ್ವಿ. ನೀವು ಬೇಜಾರು ಮಾಡ್ಕೋಬೇಡಿ. ಉಸ್ತಾಜಾ ಕೇಳಿದ್ರೆ ಎಲ್ಲರೂ ಕೊಟ್ಟೇ ಕೊಡ್ತಾರೆ. ಹೋದ ತಿಂಗಳು ನಾನು ನನ್ನ ತಂಗಿಯ ಹೆಸರನ್ನೇ ಕೊಟ್ಟೆ.”

ಚೀಲವನ್ನು ಅವಳ ಕೈಗಿಟ್ಟು, ಕೈ ಮುಟ್ಟಿ ಹಣೆಗೊತ್ತಿಕೊಂಡು, ಹುಡುಗಿ ಒಳಗೆ ಓಡಿಹೋದಳು.