ಒಂದು ಬೈಗುಳದ ಧಾಟಿಗಳು

ಪಾರ್ಶ್ವವಾಯು ನಮ್ಮ ಯಜಮಾನರ ಮಾತನ್ನೆಲ್ಲ ಗುಡಿಸಿಕೊಂಡು ಹೋಗಿ ಒಂದೇ ಒಂದು ಪದ ಬಿಟ್ಟಿತ್ತು: ‘ಹಾಳಾದ್ದು’. ಹೊಲಿಗೆ ಯಂತ್ರದಲ್ಲಿ ದಾರ ಕಡಿದಾಗೆಲ್ಲ ಅನ್ನುತ್ತಿದ್ದ ಬೈಗುಳ. ಈಗ ನೀರು ಬೇಕಾದರೂ ಹಾಳಾದ್ದು, ಫ್ಯಾನು ಹಾಕಬೇಕಾದರೂ ಹಾಳಾದ್ದು. ನೋಡಲು ಬಂದ ನಾದಿನಿಗೂ ಅದೇ ಸ್ವಾಗತ. ಮುಖ ಊದಿಸಿಕೊಂಡು ಹೋದವಳು ಮತ್ತೆ ಬರಲಿಲ್ಲ, ಅದೊಂದು ಲಾಭವೆನ್ನಿ.

ನನಗೆ ಬೇಕಾಗಿದ್ದು ಒಂದೇ. ಮನೆಯ ಮುಂಭಾಗದ ಹೊಲಿಗೆ ಅಂಗಡಿಯಿಂದ ಅಡುಗೆಮನೆಗೆ ಕೇಳುವಂತೆ ‘ಇವಳೇ’ ಎಂದು ಕೂಗುತ್ತಿದ್ದರಲ್ಲ, ಅದು. ಮದುವೆಯಾದಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು ಅದೇ. ಅದು ನಿಂತ ಮೇಲೆ ಈ ಮನೆಯಲ್ಲಿ ನಾನೇ ಇಲ್ಲವೇನೋ ಅನಿಸುತ್ತಿತ್ತು.

ಮಾತು ಕಲಿಸಲು ಬರುತ್ತಿದ್ದ ಹುಡುಗಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರ ಎಡಗೈಯಿಂದ ತಾಳ ತಟ್ಟಿಸುತ್ತ ‘ನೀ-ರು ಕೊ-ಡು’ ಎಂದು ಹಾಡುತ್ತಿದ್ದಳು. ಇವರು ತಾಳ ತಪ್ಪದೆ ‘ಹಾಳಾದ್ದು’ ಅನ್ನುತ್ತಿದ್ದರು.

“ಹಾಡಿದ್ರೆ ಮಾತು ಬರುತ್ತಾ? ಯಾರ ಕಿವಿ ಮೇಲೆ ಹೂವು ಇಡ್ತೀಯಮ್ಮ?” ಎಂದೆ.

“ಮಾತು ಹೋದ್ರೂ ರಾಗ ಉಳಿದಿರುತ್ತೆ ಆಂಟಿ. ಮನುಷ್ಯರು ಮಾತಾಡೋಕೆ ಮೊದ್ಲು ರಾಗ ಎಳೀತಿದ್ರು ಅಂತಾರೆ ಕೆಲವರು. ಕೂಸು ನೋಡಿ, ಪದ ಬರೋಕೆ ಮೊದ್ಲೇ ಎಲ್ಲಾನೂ ಹೇಳಲ್ವಾ?”

“ಹಾಳಾದ್ದು” ಎಂದರು ಇವರು. ನಾನು ಕನ್ನಡಕ ತಂದುಕೊಟ್ಟೆ.

ಹುಡುಗಿ ಕಣ್ಣರಳಿಸಿದಳು. “ಕನ್ನಡಕ ಅಂತ ಹೇಗೆ ಗೊತ್ತಾಯ್ತು?”

ಹೌದಲ್ಲ, ಹೇಗೆ? ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ನೀರಿನ ಹಾಳಾದ್ದು ಕೊನೆಯಲ್ಲಿ ಮೇಲೇರುತ್ತಿತ್ತು, ಫ್ಯಾನಿನದು ಬೇಸರದಿಂದ ಕೆಳಗಿಳಿಯುತ್ತಿತ್ತು. ಅವರ ಹಳೆಯ ಮಾತಿನ ಧಾಟಿಯೇ, ಪದ ಮಾತ್ರ ಬೇರೆ. ಹೇಳಿದಾಗ ಹುಡುಗಿ ಕುಣಿದಾಡುವುದೊಂದು ಬಾಕಿ. ತನ್ನ ರಾಗ ಬಿಟ್ಟು ಅವರದೇ ಧಾಟಿ ಹಿಡಿದಳು. ವಾರಗಳು ಕಳೆದಂತೆ ‘ನೀರು’ ಬಂತು, ‘ಸಾಕು’ ಬಂತು. ನನ್ನ ‘ಇವಳೇ’ ಬರಲಿಲ್ಲ. ಅದನ್ನೂ ಕಲಿಸು ಎನ್ನಲು ಈ ವಯಸ್ಸಿನಲ್ಲಿ ನಾಚಿಕೆ.

ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಅಂಗಡಿಯಿಂದ ‘ಹಾಳಾದ್ದೂ’ ಎಂದು ಕೂಗಿದರು. ನೀರಿನದಲ್ಲ, ಫ್ಯಾನಿನದಲ್ಲ. ಮೊದಲು ಮೆಲ್ಲಗೆ, ಆಮೇಲೆ ಕೊನೆಯನ್ನು ಗೋಡೆ ದಾಟುವಷ್ಟು ಉದ್ದಕ್ಕೆ ಎಳೆದು. ‘ಇವಳೇ’ ಎಂದು ಕರೆಯುತ್ತಿದ್ದುದೇ ಹಾಗೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದಲೂ ಏನು ಕೇಳುವ ಮೊದಲೂ ಹಾಗೇ ಎಳೆಯುತ್ತಿದ್ದರು. ಏನು ಬೇಕೆಂದು ತಿಳಿಯುವ ಆತುರದಲ್ಲಿ, ಅದು ಬರೀ ಬೈಗುಳವೆಂದು ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

‘ಬಂದೇ ರೀ’ ಎನ್ನಹೋದೆ. ಪದ ಒಳಗೇ ಉಳಿಯಿತು, ರಾಗವಷ್ಟೇ ಹೊರಟಿತು.

ಅವರಿಗೆ ಅಷ್ಟೇ ಸಾಕಾಯಿತು. ಅಂಗಡಿಯಲ್ಲಿ ನಗುತ್ತಿದ್ದರು.