ಮಘಾದ ನೀಲಿ

ಸಗರದ ರೇಣಮ್ಮನ ಬಲಗಣ್ಣಿನ ಪೊರೆ ತೆಗೆದು ಮೂರು ವಾರವಾಗಿತ್ತು. ಕಪ್ಪು ಕನ್ನಡಕ ಬಿಟ್ಟ ಮೊದಲ ಸಂಜೆ ಅವಳು ಮಾಳಿಗೆ ಹತ್ತಿ ಕೌದಿಯ ಮೇಲೆ ಅಂಗಾತ ಮಲಗಿದಳು. ಹಗಲೆಲ್ಲ ಕಾದಿದ್ದ ಮಣ್ಣು ಬೆನ್ನಿಗೆ ಇನ್ನೂ ಬೆಚ್ಚಗಿತ್ತು. ಕುರಿ ಹಿಂಡಿನೊಡನೆ ಅಡವಿಯಲ್ಲಿ ಮಲಗುತ್ತಿದ್ದ ಕಾಲದಿಂದ ಅವಳು ಬಲ್ಲ ಚುಕ್ಕಿಗಳು ಒಂದೊಂದಾಗಿ ಬಂದವು. ನೆತ್ತಿಯ ಮೇಲಿನ ಮಘಾ ಕಂಡಾಗ ಮಾತ್ರ ಎದ್ದು ಕೂತಳು.

ಎಡಗಣ್ಣು ಮುಚ್ಚಿದಳು. ಚುಕ್ಕಿ ನೀಲಿ. ಬಲಗಣ್ಣು ಮುಚ್ಚಿದಳು. ಪೊರೆ ಇನ್ನೂ ಉಳಿದಿದ್ದ ಎಡಗಣ್ಣಿಗೆ ಅದೇ ಚುಕ್ಕಿ ತುಪ್ಪದ ಬಣ್ಣಕ್ಕೆ ತಿರುಗಿ, ಅಂಚು ಕದಡಿಕೊಂಡಿತು.

"ಇಲ್ನೋಡ್ರಿ, ಮಘಾ ನೀಲಿ ಆಗ್ಯಾದ" ಎಂದು ಗಂಡನನ್ನು ಕೂಗಿದಳು.

ಹಣಮಂತ್ರಾಯನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಅವನಿಗೆ ಪ್ರಾಣಭಯ. "ಚುಕ್ಕಿ ಯಾಕ ನೀಲಿ ಆಗ್ತದ? ಡಾಕ್ಟರ್ ನಿನ್ನ ಕಣ್ಣಾಗ ನೀಲಿ ಸುರುವ್ಯಾನ" ಎಂದು ಮಾಳಿಗೆಯ ಮೂಲೆಯಲ್ಲಿ ಹಾಕಿದ್ದ ಹಗ್ಗದ ಹೊರಸಿನ ಮೇಲೆ ಮಗ್ಗಲು ಬದಲಿಸಿದ.

ರೇಣಮ್ಮನಿಗೂ ಹೆದರಿಕೆಯಾಯಿತು. ಮರುದಿನ ಸಂಜೆ ಪಕ್ಕದ ಮನೆಯ ಪರಿಮಳಾಳನ್ನು ಮಾಳಿಗೆಗೆ ಕರೆತಂದಳು. ಪರಿಮಳಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು.

"ನಿನ್ನ ಕಣ್ಣು ನೆಟ್ಟಗದ ಯವ್ವಾ. ಪೊರಿ ನೀಲಿ ಬೆಳಕು ತಡೀತಿತ್ತು, ಈಗ ದಾರಿ ಬಿಟ್ಟದ. ಚುಕ್ಕಿ ಮೊದ್ಲಿಂದ ನೀಲೀನೇ."

"ಮೊದ್ಲಿಂದ?"

"ಹೂಂ. ಕಬ್ಬಿಣ ಕಾದ್ರ ಕೆಂಪಗ, ಇನ್ನಾ ಕಾದ್ರ ಬೆಳ್ಳಗ ಆಗ್ತದಲ್ಲ? ಮಘಾ ಅದಕಿಂತ ಭಾಳ ಕಾದದ, ಅದಕ್ಕ ನೀಲಿ. ಸೂರ್ಯಕಿಂತ ಎರಡ್ ಪಟ್ಟು ಸುಡ್ತದ. ಮ್ಯಾಲ ಅದರ ತಿರುಗಾಟ ನೋಡಬೇಕು! ಸೂರ್ಯಗ ತನ್ನ ಸುತ್ತ ತಾನು ಒಂದು ಸುತ್ತು ತಿರುಗಾಕ ಇಪ್ಪತ್ತೈದು ದಿನ ಬೇಕು. ಇದು ಸೂರ್ಯಕಿಂತ ಎಷ್ಟೋ ದೊಡ್ಡದು, ಆದ್ರೂ ಹದಿನಾರು ತಾಸಿನಾಗ ಸುತ್ತು ಮುಗಸ್ತದ. ಆ ರಭಸಕ್ಕ ದುಂಡಗ ಉಳದಿಲ್ಲ. ನಡು ಉಬ್ಬಿ, ತಲಿ ಬುಡ ಚಪ್ಪಟಿ ಆಗ್ಯಾವ. ಉಬ್ಬಿದ ನಡು ಸ್ವಲ್ಪ ತಣ್ಣಗ, ತುದಿ ಎರಡೂ ನಿಗಿನಿಗಿ."

ಹೊರಸಿನಿಂದ ಹಣಮಂತ್ರಾಯನ ದನಿ ಬಂತು. "ಇನ್ನಾ ಜೋರು ತಿರುಗಿದ್ರ, ತಂಗಿ?"

"ಒಂಚೂರು ಜೋರಾದ್ರ ಸಾಕು ಕಾಕಾ, ಹರಕೊಂಡು ಚದರತದ."

ಮೋಡವಿಲ್ಲದ ಆಕಾಶ ಮೂವರ ಮೇಲೂ ಮೆಲ್ಲಗೆ ಸರಿಯಿತು. ರೇಣಮ್ಮ ಎಡಗಣ್ಣು ಮುಚ್ಚಿಕೊಂಡು ನೋಡುತ್ತಲೇ ಇದ್ದಳು. ಅಷ್ಟು ಅಬ್ಬರದಿಂದ ತಿರುಗುವುದು ಇಷ್ಟು ಶಾಂತವಾಗಿ ಕಾಣುವುದು ಹೇಗೆಂದು ಯೋಚಿಸುತ್ತ ಅಲ್ಲಿಯೇ ನಿದ್ದೆಹೋದಳು.

ಬೆಳಗ್ಗೆ ಹಣಮಂತ್ರಾಯ ಚಹಾದ ಬಟ್ಟಲು ಹಿಡಿದು ಕೂತಿದ್ದ. "ಕನಸಿನಾಗ ಕುರಿ ಹೊಡಕೊಂಡು ಆ ಚುಕ್ಕಿಗಿ ಹೋಗಿದ್ದೆ. ಹಿಂಡೆಲ್ಲ ಅದರ ಸುತ್ತ ಮೋಡದಂಗ ತಿರುಗಾಕತ್ತಿತ್ತು. ಬಣ್ಣ ಮಾತ್ರ ಕಾಣಲಿಲ್ಲ" ಎಂದ. ಬಟ್ಟಲು ಕೆಳಗಿಟ್ಟು ಕೇಳಿದ, "ನನ್ನ ಆಧಾರ್ ಕಾರ್ಡ್ ಎಲ್ಲಿಟ್ಟಿ?"

ಮುಂದಿನ ವಾರವೇ ಶಹಾಪುರದಲ್ಲಿ ಅವನ ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ನಿಂತ ಹೆಂಡತಿಯನ್ನು ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಈ ಸೀರಿ ಕರೀದಲ್ಲೇನು?"

"ನೀವೇ ತಂದದ್ದು. ನೀಲಿ."

"ನೀಲಿ" ಎಂದು ಅವನು ಸೆರಗಿನ ತುದಿ ಹಿಡಿದು ಬೆಳಕಿಗೆ ಒಡ್ಡಿದ. ಬಸ್ಸು ಹತ್ತುವ ತನಕ ಅದನ್ನು ಬಿಡಲಿಲ್ಲ.